ನೆಲದಡಿಗೆ ಇಳಿದ ಹಗಲು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಗೇವು ತೋಡುತ್ತಿದ್ದವರಿಗೆ ಬೆಳಕಿನ ಚಿಂತೆ ಇರಲಿಲ್ಲ. ಜೋಳ ತುಂಬಿ ಬಾಯಿ ಮುಚ್ಚಿದ ಮೇಲೆ ನೆಲದಡಿಯ ಆ ಕಣಜ ಒಣಗಿದ್ದರೆ ಸಾಕು, ಕತ್ತಲೆ ಎಷ್ಟಿದ್ದರೂ ಸರಿಯೆ. ಬೇಕಾದಾಗ ಬಾಯಿ ತೆರೆದು, ಒಳಗಿನ ಕೆಟ್ಟ ಗಾಳಿ ಹೊರಹೋಗಲೆಂದು ಕಾದು, ಆಮೇಲೆ ಒಬ್ಬರು ಇಳಿದು ಕಾಳು ತುಂಬಿಕೊಟ್ಟು ಮೇಲೆ ಬರುತ್ತಿದ್ದರು. ನೆಲದ ಕೆಳಗೆ ಮನುಷ್ಯ ಇರಬೇಕಾಗಿದ್ದ ಹೊತ್ತು ಅಷ್ಟೆ.

ನಗರದ ಮಾತು ಬೇರೆ. ಜಾಗದ ಬೆಲೆ ಏರಿದಂತೆಲ್ಲ ಕಟ್ಟಡಗಳು ಮೇಲಕ್ಕೆ ಬೆಳೆಯುವ ಹಾಗೆಯೇ ಕೆಳಕ್ಕೂ ಇಳಿಯುತ್ತವೆ. ಮೊದಲು ಸರಕು ಇಡಲೆಂದು ತೋಡಿದ ನೆಲಮಾಳಿಗೆಗೆ ಬರುಬರುತ್ತ ಮನುಷ್ಯರೂ ಇಳಿಯುತ್ತಾರೆ. ಇಂದು ಬೇಸ್‌ಮೆಂಟ್ ಎಂಬ ಹೆಸರಿನಲ್ಲಿ ಎಲ್ಲರಿಗೂ ಪರಿಚಿತವಾಗಿರುವ ಈ ಜಾಗದಲ್ಲಿ ದರ್ಜಿಯ ಅಂಗಡಿ, ಜೆರಾಕ್ಸ್ ಅಂಗಡಿ, ಗೋದಾಮು, ಮುದ್ರಣಾಲಯ, ಟ್ಯೂಷನ್ ತರಗತಿ ಎಲ್ಲವೂ ಉಂಟು. ಮೇಲೆ ರಸ್ತೆಯಲ್ಲಿ ಕಣ್ಣು ಕುಕ್ಕುವ ಬಿಸಿಲಿದ್ದಾಗಲೂ ಕೆಳಗೆ ದೀಪ ಉರಿಯುತ್ತಿರಬೇಕು. ಅದರ ಖರ್ಚು ಮಾತ್ರ ಕಟ್ಟಡದ ಒಡೆಯನದಾಗಿರುವುದಿಲ್ಲ. ಕಡಿಮೆ ಬಾಡಿಗೆಗೆಂದು ಕೆಳಕ್ಕೆ ಇಳಿದವರೇ ಹೆಚ್ಚಿನ ಬೆಳಕಿನ ವೆಚ್ಚವನ್ನು ಹೊರುತ್ತಾರೆ.

ಇಂಥ ಕೋಣೆಯನ್ನು ಕಡಿಮೆ ಖರ್ಚಿನಲ್ಲಿ ಬೆಳಗಿಸುವುದು ಹೇಗೆ ಎಂಬ ಪ್ರಶ್ನೆ ಹೊಸದಲ್ಲ. ವಿದ್ಯುತ್ತು ಬರುವುದಕ್ಕೆ ಬಹಳ ಮೊದಲೇ ಹಡಗಿನವರು, ಗಾಜಿನ ಕುಲುಮೆಯವರು, ಅಂಗಡಿಕಾರರು, ನಗರದ ಆರೋಗ್ಯಾಧಿಕಾರಿಗಳು ಅದಕ್ಕೆ ಉತ್ತರ ಹುಡುಕಿದ್ದರು. ಅವರ ಉತ್ತರಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ಕ್ರಮ ಕಾಣುತ್ತದೆ. ಮೊದಲು ಹೊರಗಿನ ಬೆಳಕಿಗೆ ದಾರಿ ಮಾಡಬೇಕು. ಬಂದ ಬೆಳಕನ್ನು ಗೋಡೆಗಳು ನುಂಗದಂತೆ ನೋಡಿಕೊಳ್ಳಬೇಕು. ಅದೂ ಸಾಲದ ಕಡೆ ದೀಪ ಹಚ್ಚಬೇಕು. ದೀಪ ಅಗ್ಗವಾದ ಮೇಲೆ ಜನ ಮೊದಲೆರಡನ್ನು ಮರೆತು ಮೂರನೆಯದರಿಂದಲೇ ಆರಂಭಿಸುವ ರೂಢಿ ಬೆಳೆಯಿತು.

ಕಿಟಕಿಯ ಮೇಲೆ ಕಂದಾಯ

ಬೆಳಕಿಗೂ ಬೆಲೆ ಕಟ್ಟಿದ ಕಾಲವೊಂದಿತ್ತು. ಇಂಗ್ಲೆಂಡಿನಲ್ಲಿ 1696ರಲ್ಲಿ ಕಿಟಕಿಗಳ ಮೇಲೆ ತೆರಿಗೆ ಜಾರಿಗೆ ಬಂದಿತು. ಮನೆಯಲ್ಲಿ ಕಿಟಕಿಗಳು ಹೆಚ್ಚಿದಷ್ಟೂ ತೆರಿಗೆ ಹೆಚ್ಚು. ಸಿರಿವಂತರ ಆದಾಯವನ್ನು ವಿಚಾರಿಸುವ ಗೊಡವೆಯಿಲ್ಲದೆ, ಬೀದಿಯಲ್ಲಿ ನಿಂತೇ ಎಣಿಸಿ ವಸೂಲಿ ಮಾಡಬಹುದಾದ ಸುಲಭ ಉಪಾಯ ಅದಾಗಿತ್ತು. ಆದರೆ ಜನರೂ ಅಷ್ಟೇ ಸುಲಭವಾದ ಉಪಾಯ ಕಂಡುಕೊಂಡರು. ಕಿಟಕಿಗಳನ್ನು ಇಟ್ಟಿಗೆಯಿಂದ ಮುಚ್ಚಿದರು. ಹಾಗೆ ಮುಚ್ಚಿದ ಕಿಟಕಿಗಳ ಗುರುತನ್ನು ಅಲ್ಲಿನ ಹಳೆಯ ಮನೆಗಳಲ್ಲಿ ಇಂದಿಗೂ ಕಾಣಬಹುದು.

ಈ ತೆರಿಗೆಯ ಪೆಟ್ಟು ಹೆಚ್ಚಾಗಿ ಬಿದ್ದದ್ದು ನಗರದ ಬಡವರ ಮೇಲೆ. ಹತ್ತಾರು ಕುಟುಂಬಗಳು ಕೋಣೆಗೊಂದರಂತೆ ಬಾಡಿಗೆಗಿದ್ದ ದೊಡ್ಡ ಮನೆಯನ್ನು ಸರ್ಕಾರ ಒಂದೇ ಮನೆಯೆಂದು ಲೆಕ್ಕ ಹಿಡಿಯುತ್ತಿತ್ತು. ತೆರಿಗೆ ಕಟ್ಟಬೇಕಾದ ಒಡೆಯ ಕಿಟಕಿ ಮುಚ್ಚಿಸುತ್ತಿದ್ದ. ಕತ್ತಲಲ್ಲಿ ಉಳಿಯುತ್ತಿದ್ದವರು ಬಾಡಿಗೆದಾರರು. ಇದರ ಜೊತೆಗೆ 1745ರಿಂದ ಗಾಜಿನ ಮೇಲೂ ಸುಂಕ ಬಿದ್ದಿತು. ವೈದ್ಯರು ಮತ್ತು ಸುಧಾರಕರು ವರ್ಷಗಟ್ಟಲೆ ಹೋರಾಡಿದ ಮೇಲೆ ಗಾಜಿನ ಸುಂಕ 1845ರಲ್ಲಿಯೂ ಕಿಟಕಿ ತೆರಿಗೆ 1851ರಲ್ಲಿಯೂ ರದ್ದಾದವು.

ಅದೇ ಕಾಲದ ಲಂಡನ್ನಿನ ಸಾಲುಮನೆಗಳಲ್ಲಿ ಅಡಿಗೆಮನೆಯೂ ಆಳುಗಳ ಕೆಲಸದ ಜಾಗವೂ ನೆಲದಡಿಯಲ್ಲಿರುತ್ತಿದ್ದವು. ಮನೆಗೂ ಬೀದಿಗೂ ನಡುವೆ ಒಂದೆರಡು ಗಜ ಅಗಲದ ಹಳ್ಳ ಬಿಟ್ಟು, ಸುತ್ತ ಕಬ್ಬಿಣದ ಕಂಬಿ ಹಾಕಿ, ಆ ಹಳ್ಳದ ಕಡೆಗೆ ನೆಲಮಾಳಿಗೆಯ ಕಿಟಕಿ ತೆರೆಯುತ್ತಿದ್ದರು. ಆಕಾಶದ ಒಂದು ತುಂಡು ಆ ಕಿಟಕಿಗೆ ಕಾಣುತ್ತಿತ್ತು. ಮನೆ ಕಟ್ಟುವಾಗಲೇ ಬಿಟ್ಟ ಈ ಹಳ್ಳಕ್ಕೆ ಮುಂದೆ ಎಣ್ಣೆ ಬೇಡ, ಬತ್ತಿ ಬೇಡ. ಆದರೆ ಅದು ಮನೆಯ ಮುಂಭಾಗಕ್ಕಷ್ಟೇ ಸಾಕಾಗುತ್ತಿತ್ತು. ಪಾದಚಾರಿಗಳ ಹಾದಿಯ ಅಡಿಗೇ ಚಾಚಿಕೊಂಡಿದ್ದ ಕಲ್ಲಿದ್ದಲ ಕೋಣೆ, ಅಂಗಡಿಯ ಗೋದಾಮುಗಳಿಗೆ ಬೆಳಕು ಬೇಕಾದರೆ ಜನ ಮೆಟ್ಟಿ ನಡೆಯುವ ಹಾದಿಯನ್ನೇ ಕಿಟಕಿ ಮಾಡಬೇಕಾಗಿತ್ತು.

ಹಡಗಿನಿಂದ ಬೀದಿಗೆ

ಆ ಕಿಟಕಿಯ ಮಾದರಿ ಬಂದದ್ದು ಸಮುದ್ರದಿಂದ. ಮರದ ಹಡಗಿನ ಒಳಮಾಳಿಗೆಗಳು ಯಾವ ನೆಲಮಾಳಿಗೆಗೂ ಕಡಿಮೆಯಿಲ್ಲದಷ್ಟು ಕತ್ತಲೆ. ಡಾಂಬರು, ಹಗ್ಗ, ಮರ, ಎಣ್ಣೆ ತುಂಬಿದ ಆ ಜಾಗದಲ್ಲಿ ತೆರೆದ ದೀಪ ಹಿಡಿದು ಓಡಾಡುವುದೆಂದರೆ ನಡುಸಮುದ್ರದಲ್ಲಿ ಬೆಂಕಿಯನ್ನು ಕರೆದಂತೆ. ಆದ್ದರಿಂದ ಹಡಗಿನ ಮೇಲ್ತಟ್ಟಿನ ಹಲಗೆಯಲ್ಲಿ ರಂಧ್ರ ಕೊರೆದು, ಅದರೊಳಗೆ ದಪ್ಪ ಗಾಜಿನ ಗಟ್ಟಿಯನ್ನು ಕೂರಿಸುತ್ತಿದ್ದರು. ಮೇಲ್ಭಾಗ ಹಲಗೆಗೆ ಸಮನಾಗಿ ಚಪ್ಪಟೆ. ನಾವಿಕರು ಅದರ ಮೇಲೆಯೇ ನಡೆಯಬಹುದು. ಕೆಳಭಾಗ ಮೂಲೆಗಳುಳ್ಳ ಗೋಪುರವನ್ನು ತಲೆಕೆಳಗಾಗಿ ತೂಗಿಬಿಟ್ಟಂತೆ. 1841ರಲ್ಲಿ ನೀರಿಗಿಳಿದ ಚಾರ್ಲ್ಸ್ ಡಬ್ಲ್ಯು. ಮಾರ್ಗನ್ ಎಂಬ ತಿಮಿಂಗಿಲ ಬೇಟೆಯ ಹಡಗಿನಲ್ಲಿ ಇಂಥ ಗಾಜುಗಳಿದ್ದವು. ಆ ಹಡಗನ್ನು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಸ್ಟಿಕ್ ಎಂಬಲ್ಲಿ ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ.

ತಲೆಕೆಳಗಾದ ಈ ಗೋಪುರದ ಆಕಾರ ಅಲಂಕಾರಕ್ಕಾಗಿ ಬಂದದ್ದಲ್ಲ. ಚಪ್ಪಟೆ ಗಾಜಿನ ಮೂಲಕ ಬಂದ ಬಿಸಿಲು ನೆಲದ ಮೇಲೆ ಒಂದು ಬಿಲ್ಲೆಯಾಗಿ ಬೀಳುತ್ತದೆ. ಸುತ್ತಲೂ ಕತ್ತಲೆ ಹಾಗೆಯೇ ಉಳಿಯುತ್ತದೆ. ಓರೆಯಾದ ಮುಖಗಳುಳ್ಳ ಗಾಜಿನೊಳಗೆ ಹೊಕ್ಕ ಬೆಳಕಾದರೋ ಬಾಗಿ ಪಕ್ಕಗಳಿಗೆ ಚದುರುತ್ತದೆ. ಶಾಲೆಯ ವಿಜ್ಞಾನ ಪಾಠದಲ್ಲಿ ಪಟ್ಟಕ ಅಥವಾ ಪ್ರಿಸಂ ಎಂದು ಓದಿದ ವಸ್ತು ಇದೇ. ಗಾಜಿನ ಓರೆಯನ್ನು ಸರಿಯಾಗಿ ಕಡೆದರೆ ಬೆಳಕನ್ನು ಬೇಕಾದ ಕಡೆಗೆ ತಿರುಗಿಸಬಹುದೆಂಬ ತಿಳಿವಳಿಕೆಯೇ ಮುಂದಿನ ಕಥೆಗೆಲ್ಲ ಮೂಲ.

ಈ ಉಪಾಯವನ್ನು ಬೀದಿಗೆ ದೊಡ್ಡ ಪ್ರಮಾಣದಲ್ಲಿ ತಂದವನು ನ್ಯೂಯಾರ್ಕಿನ ಥ್ಯಾಡಿಯಸ್ ಹಯಟ್. ಅಲ್ಲಿ ಅಂಗಡಿಗಳ ನೆಲಮಾಳಿಗೆಗಳು ಫುಟ್‌ಪಾತಿನ ಅಡಿಯವರೆಗೂ ಹಬ್ಬಿದ್ದವು. ಬೆಳಕಿಗಾಗಿ ಕಬ್ಬಿಣದ ಜಾಲರಿ ಹಾಕಿದರೆ ಮಳೆನೀರು, ಕಸ, ಕೆಸರು ಎಲ್ಲ ಕೆಳಗೆ ಬೀಳುತ್ತಿತ್ತು. ದೊಡ್ಡ ಗಾಜು ಹಾಕಿದರೆ ಉರುಳಿಸಿಕೊಂಡು ಹೋಗುವ ಪೀಪಾಯಿಗಳ ಭಾರಕ್ಕೆ ಒಡೆಯುತ್ತಿತ್ತು. ಹಯಟ್ 1845ರಲ್ಲಿ ಪೇಟೆಂಟ್ ಪಡೆದ ಮುಚ್ಚಳದಲ್ಲಿ ಎರಕದ ಕಬ್ಬಿಣದ ತಟ್ಟೆಗೆ ಅನೇಕ ಸಣ್ಣ ರಂಧ್ರಗಳಿದ್ದು, ಒಂದೊಂದರಲ್ಲೂ ಒಂದೊಂದು ಸಣ್ಣ ದಪ್ಪ ಗಾಜು ಕೂತಿತ್ತು. ಭಾರವನ್ನು ಕಬ್ಬಿಣ ಹೊರುತ್ತಿತ್ತು. ಬೆಳಕನ್ನು ಗಾಜು ಇಳಿಸುತ್ತಿತ್ತು. ಒಂದು ಗಾಜು ಒಡೆದರೆ ಅದೊಂದನ್ನೇ ಬದಲಾಯಿಸಿದರೆ ಸಾಕು.

ವ್ಯಾಪಾರ ಕುದುರಿತು, ಹಯಟ್ ಶ್ರೀಮಂತನಾದ. ಆದರೆ ಅವನ ಹೆಸರು ಚರಿತ್ರೆಯಲ್ಲಿ ಉಳಿದದ್ದು ಗಾಜಿನಿಂದಷ್ಟೇ ಅಲ್ಲ. ಗುಲಾಮಗಿರಿಯ ಕಡು ವಿರೋಧಿಯಾಗಿದ್ದ ಅವನು ತನ್ನ ಸಂಪತ್ತನ್ನು ಆ ಹೋರಾಟಕ್ಕೂ ಸುರಿದ. 1859ರಲ್ಲಿ ಹಾರ್ಪರ್ಸ್ ಫೆರಿಯ ಶಸ್ತ್ರಾಗಾರದ ಮೇಲೆ ಜಾನ್ ಬ್ರೌನ್ ನಡೆಸಿದ ದಾಳಿಯ ಬಗ್ಗೆ ಅಮೆರಿಕದ ಸೆನೆಟ್ ವಿಚಾರಣೆ ನಡೆಸಿದಾಗ ಸಾಕ್ಷಿ ನುಡಿಯಲು ನಿರಾಕರಿಸಿ 1860ರಲ್ಲಿ ಸುಮಾರು ಮೂರು ತಿಂಗಳು ವಾಷಿಂಗ್ಟನ್ನಿನ ಜೈಲಿನಲ್ಲಿದ್ದ. ಮುಂದೆ ಲಂಡನ್ನಿನಲ್ಲಿ ಕಾಂಕ್ರೀಟಿನೊಳಗೆ ಕಬ್ಬಿಣ ಸೇರಿಸಿ ಅದರ ಬಲವನ್ನು ಪರೀಕ್ಷಿಸಿ, ಫಲಿತಾಂಶಗಳನ್ನು 1877ರಲ್ಲಿ ಪ್ರಕಟಿಸಿದ. ಇಂದಿನ ಎಷ್ಟೋ ನೆಲಮಾಳಿಗೆಗಳು ನಿಂತಿರುವುದು ಕಬ್ಬಿಣ ಹುದುಗಿದ ಆ ಕಾಂಕ್ರೀಟಿನ ಮೇಲೆಯೇ.

ಬೆಳಕನ್ನು ಹಿಂದಿನ ಗೋಡೆಗೆ ಮುಟ್ಟಿಸಿದ ಗಾಜು

ಹಯಟ್‌ನ ಗಾಜು ಫುಟ್‌ಪಾತಿನ ನೇರ ಕೆಳಗನ್ನು ಬೆಳಗುತ್ತಿತ್ತು. ಅಂಗಡಿಯ ಆಳದ ಹಿಂಭಾಗ ಇನ್ನೂ ಕತ್ತಲೆಯಲ್ಲೇ ಇತ್ತು. ಗ್ಯಾಸ್ ದೀಪ ಹಚ್ಚಿದರೆ ಸೆಕೆ, ಮಸಿ, ಉಸಿರು ಕಟ್ಟಿಸುವ ಗಾಳಿ. ತಿಂಗಳ ಕೊನೆಗೆ ಬಿಲ್ಲು. ಜೇಮ್ಸ್ ಪೆನಿಕುಯಿಕ್ ಎಂಬವನು 1885ರಲ್ಲಿ ಪೇಟೆಂಟ್ ಪಡೆದ ಗಾಜಿನ ಬಿಲ್ಲೆ ಈ ತೊಡಕನ್ನು ಬಿಡಿಸಿತು. ಬಿಲ್ಲೆಯ ಒಂದು ಮುಖ ನಯ, ಇನ್ನೊಂದು ಮುಖದಲ್ಲಿ ಗರಗಸದ ಹಲ್ಲಿನಂಥ ಅಡ್ಡಗೆರೆಗಳು. ಆಕಾಶದಿಂದ ಇಳಿಜಾರಾಗಿ ಬಂದ ಬೆಳಕು ಆ ಹಲ್ಲುಗಳಲ್ಲಿ ಬಾಗಿ, ನೆಲಕ್ಕೆ ಬೀಳುವ ಬದಲು ಅಡ್ಡವಾಗಿ ಕೋಣೆಯ ಹಿಂಗೋಡೆಯವರೆಗೂ ಸಾಗುತ್ತಿತ್ತು. ಬೆಳಕನ್ನು ಹೊರುವುದು ಎಂಬರ್ಥದ ಲ್ಯಾಟಿನ್ ಪದಗಳಿಂದ ಲಕ್ಸ್‌ಫರ್ ಎಂಬ ಹೆಸರಿಟ್ಟು ಷಿಕಾಗೋದ ಕಂಪನಿ ಇವನ್ನು ಮಾರಿತು. ಆಗ ಮೂವತ್ತರ ಹರೆಯದಲ್ಲಿದ್ದ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ 1897ರಲ್ಲಿ ಆ ಬಿಲ್ಲೆಗಳಿಗೆ ಚಿತ್ತಾರಗಳನ್ನು ರಚಿಸಿಕೊಟ್ಟ.

ಈ ಗಾಜುಗಳ ಗುರುತು ಇಂದಿಗೂ ಚೆನ್ನಾಗಿ ಕಾಣುವ ಊರು ಅಮೆರಿಕದ ಪಶ್ಚಿಮ ತೀರದ ಸಿಯಾಟಲ್. 1889ರ ಜೂನ್ 6ರಂದು ಬೆಂಕಿ ಬಿದ್ದು ಊರಿನ ನಡುಭಾಗವೆಲ್ಲ ಸುಟ್ಟುಹೋಯಿತು. ಮತ್ತೆ ಕಟ್ಟುವಾಗ ನಗರದವರು ಬೀದಿಗಳನ್ನೇ ಎತ್ತರಿಸಿದರು. ಮಾಲೀಕರು ಅಷ್ಟರಲ್ಲಿ ಹಳೆಯ ಮಟ್ಟದಲ್ಲೇ ಕಟ್ಟಡ ಎಬ್ಬಿಸಿಯಾಗಿತ್ತು. ಹೊಸ ಫುಟ್‌ಪಾತು ಎತ್ತರದಲ್ಲಿ ಬಂದಾಗ ನಿನ್ನೆಯ ನೆಲಮಹಡಿ ಇಂದಿನ ನೆಲಮಾಳಿಗೆಯಾಯಿತು! ಅಂಗಡಿಗಳ ಬಾಗಿಲು, ಕಿಟಕಿ, ಹಳೆಯ ಹಾದಿ ಎಲ್ಲವೂ ಹೊಸ ಹಾದಿಯ ಕೆಳಗೆ ಹುದುಗಿಹೋದವು. ಅಲ್ಲಿ ವ್ಯಾಪಾರ ಮುಂದುವರಿಯಲು ನೆರವಾದದ್ದು ಹೊಸ ಫುಟ್‌ಪಾತಿನಲ್ಲಿ ಕೂರಿಸಿದ ಗಾಜಿನ ಪಟ್ಟಕಗಳು. ಪ್ಲೇಗಿನ ಭಯದಿಂದ 1907ರಲ್ಲಿ ನಗರಾಡಳಿತ ಆ ಭಾಗವನ್ನು ಬಳಕೆಗೆ ತಕ್ಕದ್ದಲ್ಲವೆಂದು ಘೋಷಿಸಿತು. 1965ರಿಂದ ಪ್ರವಾಸಿಗರು ಅದನ್ನು ಇಳಿದು ನೋಡುತ್ತಿದ್ದಾರೆ.

ಅಲ್ಲಿನ ಗಾಜುಗಳಲ್ಲಿ ಅನೇಕವು ಈಗ ನೇರಳೆ ಬಣ್ಣಕ್ಕೆ ತಿರುಗಿವೆ. ಹಾಕುವಾಗ ಅವು ಬಣ್ಣವಿಲ್ಲದ ಗಾಜುಗಳು. ಮರಳಿನಲ್ಲಿರುವ ಕಬ್ಬಿಣದ ಅಂಶದಿಂದ ಗಾಜಿಗೆ ಹಸಿರು ಛಾಯೆ ಬರುತ್ತದೆ. ಅದನ್ನು ಕಳೆಯಲು ಆ ಕಾಲದಲ್ಲಿ ಮ್ಯಾಂಗನೀಸ್ ಬೆರೆಸುತ್ತಿದ್ದರು. ಹತ್ತಾರು ವರ್ಷಗಳ ಬಿಸಿಲಿನಲ್ಲಿರುವ ಅತಿನೇರಳೆ ಕಿರಣಗಳು ಆ ಮ್ಯಾಂಗನೀಸನ್ನು ಬದಲಿಸಿ ಗಾಜಿಗೆ ನೇರಳೆ ಬಣ್ಣ ತಂದವು. ಸೂರ್ಯ ಅಷ್ಟು ವರ್ಷ ಪುಕ್ಕಟೆಯಾಗಿ ದುಡಿದದ್ದಕ್ಕೆ ಗಾಜೇ ಸಾಕ್ಷಿ.

ಎರವಲು ಬೆಳಕು

ಫುಟ್‌ಪಾತಿನ ಗಾಜು ವ್ಯಾಪಾರಿಗಳ ಕೈಗೆಟುಕುವ ಮಾತು. ಬಡವರ ಬಾಡಿಗೆ ಕೋಣೆಗಳಿಗೆ ಅಂಥ ಹಣ ಯಾರು ಹಾಕಬೇಕು? ನ್ಯೂಯಾರ್ಕಿನ ವಠಾರಗಳಲ್ಲಿ ಒಂದರ ಹಿಂದೊಂದು ಸೇರಿದ್ದ ಕೋಣೆಗಳ ಪೈಕಿ ಬೀದಿಯ ಕಡೆಯ ಒಂದಕ್ಕೆ ಮಾತ್ರ ಕಿಟಕಿ. ಒಳಗಿನವಕ್ಕೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಪತ್ರಕರ್ತ ಜೇಕಬ್ ರೀಸ್ ಆಗಷ್ಟೇ ಬಂದಿದ್ದ ಫ್ಲಾಷ್ ಪುಡಿಯನ್ನು ಹೊತ್ತಿಸಿ ಆ ಕೋಣೆಗಳ, ನೆಲಮಾಳಿಗೆಗಳ ಫೋಟೊ ತೆಗೆದ. 1890ರಲ್ಲಿ ಅವನ ಪುಸ್ತಕ ಹೊರಬಂದಾಗ ಪೇಟೆಯ ಸಿರಿವಂತರಿಗೆ ತಮ್ಮ ಊರಿನ ಕತ್ತಲೆ ಮೊದಲ ಬಾರಿಗೆ ಕಣ್ಣಿಗೆ ಬಿತ್ತು.

1901ರ ವಠಾರ ಕಾಯಿದೆ ಹೊಸ ಕಟ್ಟಡಗಳಲ್ಲಿ ಪ್ರತಿ ಕೋಣೆಗೂ ಹೊರಗಿನ ಕಿಟಕಿ ಇರಲೇಬೇಕೆಂದಿತು. ಹಳೆಯ ಕಟ್ಟಡಗಳನ್ನು ಕೆಡವುವಂತಿರಲಿಲ್ಲ. ಅವುಗಳಿಗೆ ಕಾಯಿದೆ ಹೇಳಿದ ಪರಿಹಾರ ಬಹಳ ಸರಳವಾದದ್ದು: ಒಳಕೋಣೆಗೂ ಬೆಳಕಿರುವ ಕೋಣೆಗೂ ನಡುವಿನ ಗೋಡೆಯಲ್ಲಿ ಕಿಟಕಿ ಕೊರೆಯಿರಿ. ಹೀಗೆ ಪಕ್ಕದ ಕೋಣೆಯಿಂದ ಬೆಳಕನ್ನು ಎರವಲು ಪಡೆಯುವ ಕಿಟಕಿಗಳನ್ನು ಆ ನಗರದ 97, ಆರ್ಚರ್ಡ್ ಸ್ಟ್ರೀಟ್ ಎಂಬ ವಿಳಾಸದ, 1863ರಲ್ಲಿ ಕಟ್ಟಿದ ವಠಾರದಲ್ಲಿ ಇಂದಿಗೂ ನೋಡಬಹುದು. ಅದೀಗ ವಸ್ತುಸಂಗ್ರಹಾಲಯವಾಗಿದೆ.

ಇದು ಕನ್ನಡ ನಾಡಿಗೆ ಹೊಸ ಸಂಗತಿಯೇನಲ್ಲ. ತೊಟ್ಟಿಮನೆಯ ಕೋಣೆಗಳು ಬೆಳಕನ್ನು ಎರವಲು ಪಡೆಯುತ್ತಿದ್ದದ್ದು ನಡುವಿನ ತೊಟ್ಟಿಯಿಂದ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ನಾಡಿನ ಉದ್ದಗಲಕ್ಕೂ ಹರಡಿದ ಮಂಗಳೂರು ಹೆಂಚಿನ ಮಾಡಿಗೆ ಅದೇ ಅಳತೆಯ ಗಾಜಿನ ಹೆಂಚೂ ಬಂದಿತು. ಬಡಗಿಯನ್ನು ಕರೆಸಬೇಕಿಲ್ಲ, ಒಂದು ಮಣ್ಣಿನ ಹೆಂಚು ತೆಗೆದು ಅಲ್ಲಿ ಗಾಜಿನದನ್ನು ಕೂರಿಸಿದರೆ ಕತ್ತಲೆಯ ಅಡಿಗೆಮನೆಯಲ್ಲಿ ಅಕ್ಕಿಯ ಕಲ್ಲು ಆರಿಸುವಷ್ಟು ಬೆಳಕು. ಒಲೆಯ ಹೊಗೆಯಿಂದ ಕಪ್ಪಾಗುವ ಅದನ್ನು ಆಗಾಗ ಒರೆಸಬೇಕಿತ್ತು, ಅಷ್ಟೆ. ಬ್ರೆಜಿಲ್ ದೇಶದ ಮೆಕ್ಯಾನಿಕ್ ಆಲ್ಫ್ರೆಡೊ ಮೋಸರ್ 2002ರಲ್ಲಿ ಕಂಡುಕೊಂಡ ಉಪಾಯವೂ ಇದರ ನೆಂಟನೇ. ನೀರು ಮತ್ತು ತುಸು ಬ್ಲೀಚ್ ತುಂಬಿದ ಪ್ಲಾಸ್ಟಿಕ್ ಬಾಟಲಿಯನ್ನು ತಗಡಿನ ಛಾವಣಿಯಲ್ಲಿ ಅರ್ಧ ಹೊರಗೆ, ಅರ್ಧ ಒಳಗೆ ಇರುವಂತೆ ಕೂರಿಸಿದರೆ ಬಿಸಿಲು ನೀರಿನಲ್ಲಿ ಬಾಗಿ ಕೋಣೆಯ ತುಂಬ ಚದುರುತ್ತದೆ. ಹಡಗಿನ ಪಟ್ಟಕ ಮಾಡುತ್ತಿದ್ದ ಕೆಲಸವನ್ನೇ ಇಲ್ಲಿ ಎಸೆದ ಬಾಟಲಿ ಮಾಡುತ್ತದೆ. ಬ್ಲೀಚ್ ಇರುವುದು ನೀರು ಪಾಚಿ ಕಟ್ಟದಿರಲೆಂದು. 2011ರಿಂದ ಫಿಲಿಪ್ಪೀನ್ಸಿನ ಕೊಳೆಗೇರಿಗಳಲ್ಲಿ ಇದು ದೊಡ್ಡ ಚಳವಳಿಯಾಗಿ ಬೆಳೆಯಿತು.

ಗಾಜಿನ ಹೆಂಚಿಗೂ ಬಾಟಲಿಗೂ ತಲೆಯ ಮೇಲೆ ಆಕಾಶ ಬೇಕು. ಮೇಲೆ ನಾಲ್ಕು ಮಹಡಿ ಹೊತ್ತ ನೆಲಮಾಳಿಗೆಯಲ್ಲಿ ಅವು ನಡೆಯುವುದಿಲ್ಲ. ಅಲ್ಲಿ ಸಿಗುವುದು ಗೋಡೆಯ ಮೇಲ್ತುದಿಯಲ್ಲಿರುವ ಗವಾಕ್ಷಿ, ಇಲ್ಲವೆ ಇಳಿಜಾರಿನ ಬಾಗಿಲು. ಎಷ್ಟೋ ಕಡೆ ಆ ಗವಾಕ್ಷಿಗೂ ರಟ್ಟಿನ ಪೆಟ್ಟಿಗೆಗಳ ರಾಶಿ ಅಡ್ಡ ನಿಂತಿರುತ್ತದೆ, ಗಾಜಿನ ಮೇಲೆ ವರ್ಷಗಳ ಧೂಳು ಕೂತಿರುತ್ತದೆ. ಮೊದಲ ಸುಧಾರಣೆಗೆ ಹಣವೇ ಬೇಡ: ಪೆಟ್ಟಿಗೆ ಸರಿಸಿ ಗಾಜು ತೊಳೆದರಾಯಿತು. ಒಳಗೆ ಅಡ್ಡಗೋಡೆ ಹಾಕಬೇಕಾದರೆ ಅದರ ಮೇಲ್ಭಾಗದಲ್ಲಿ ಗಾಜು ಬಿಟ್ಟರೆ ಹಿಂದಿನ ಕೋಣೆಗೂ ಎರವಲು ಬೆಳಕು ಸಿಗುತ್ತದೆ.

ಸುಣ್ಣದ ಲೆಕ್ಕ

ಬಂದ ಬೆಳಕನ್ನು ಉಳಿಸಿಕೊಳ್ಳುವುದು ಎರಡನೆಯ ಹೆಜ್ಜೆ. ಹಬ್ಬಕ್ಕೆ ಮುಂಚೆ ಮನೆಗೆ ಸುಣ್ಣ ಬಳಿಯುವ ಪದ್ಧತಿಯನ್ನು ಶುಚಿತ್ವದ ಕಣ್ಣಿನಿಂದ ನೋಡುವುದು ರೂಢಿ. ಆದರೆ ಅದರಲ್ಲಿ ಬೆಳಕಿನ ಲೆಕ್ಕವೂ ಇದೆ. ಬಿಳಿಯ ಗೋಡೆ ತನ್ನ ಮೇಲೆ ಬಿದ್ದ 100 ಪಾಲು ಬೆಳಕಿನಲ್ಲಿ ಸುಮಾರು 80 ಪಾಲನ್ನು ಹಿಂದಿರುಗಿಸುತ್ತದೆ. ಬಣ್ಣ ಕಾಣದ ಸಿಮೆಂಟು ಗೋಡೆ ಹಿಂದಿರುಗಿಸುವುದು 40 ಪಾಲು ಎಂದಿಟ್ಟುಕೊಳ್ಳೋಣ. ಮೇಲುನೋಟಕ್ಕೆ ಬಿಳಿಯ ಗೋಡೆ ಎರಡರಷ್ಟು ಉತ್ತಮ ಎನಿಸುತ್ತದೆ. ನಿಜವಾದ ಲಾಭ ಅದಕ್ಕಿಂತ ಹೆಚ್ಚು. ಏಕೆಂದರೆ ಹಿಂದಿರುಗಿದ ಬೆಳಕು ಎದುರುಗೋಡೆಗೆ ಬಡಿದು ಮತ್ತೆ ಹಿಂದಿರುಗುತ್ತದೆ. 100, 80, 64, 51 ಎಂದು ಕೂಡಿಸುತ್ತ ಹೋದರೆ ಒಟ್ಟು ಮೊತ್ತ 500ರ ಹತ್ತಿರ ಬರುತ್ತದೆ. ಸಿಮೆಂಟು ಗೋಡೆಯಲ್ಲಿ 100, 40, 16, 6 ಎಂದು ಕೂಡಿಸಿದರೆ 167ರ ಹತ್ತಿರಕ್ಕೇ ನಿಲ್ಲುತ್ತದೆ. ಅದೇ ದೀಪ, ಅದೇ ಗವಾಕ್ಷಿ. ಗೋಡೆಗಳ ಮೇಲೆ ಬೀಳುವ ಬೆಳಕು ಮಾತ್ರ ಮೂರು ಪಟ್ಟು. ಕೋಣೆಯಲ್ಲಿ ಕಪಾಟು, ಬಟ್ಟೆ, ಕಪ್ಪು ನೆಲ ಇರುವುದರಿಂದ ಇಷ್ಟು ಪೂರ್ಣ ಲಾಭ ಸಿಗಲಾರದು. ಆದರೂ ಒಂದು ಡಬ್ಬಿ ಬಿಳಿ ಬಣ್ಣಕ್ಕೆ ಹಾಕಿದ ಹಣ ತಿಂಗಳು ತಿಂಗಳೂ ಹಿಂದಿರುಗಿ ಬರುತ್ತದೆ.

ಗೋಡೆಗಿಂತಲೂ ಮೊದಲು ಬಿಳಿಯಾಗಬೇಕಾದದ್ದು ತಾರಸಿಯ ಒಳಮೈ. ಅದಕ್ಕೆ ಅಡ್ಡವಾಗಿ ಯಾವ ಸಾಮಾನೂ ನಿಲ್ಲುವುದಿಲ್ಲ. ನೆಲದಡಿಯ ಗೋಡೆಗಳಲ್ಲಿ ತೇವ ಇರುವುದರಿಂದ ಹಳೆಯ ಕಾಲದ ಸುಣ್ಣಕ್ಕೆ ಇನ್ನೊಂದು ಗುಣವಿದೆ. ಅದು ಗೋಡೆಯ ತೇವವನ್ನು ಆವಿಯಾಗಿ ಹೊರಬಿಡುತ್ತದೆ. ಪ್ಲಾಸ್ಟಿಕ್ಕಿನಂತೆ ಮುಚ್ಚಿಬಿಡುವ ಬಣ್ಣಗಳಾದರೆ ತೇವ ಒಳಗೇ ಸಿಕ್ಕಿಕೊಂಡು ಗುಳ್ಳೆಯೆದ್ದು ಸಿಪ್ಪೆ ಸುಲಿಯುತ್ತವೆ. ನೀರು ಜಿನುಗುತ್ತಿರುವ ಗೋಡೆಗೆ ಯಾವ ಬಣ್ಣವೂ ಮದ್ದಲ್ಲ. ಮೊದಲು ಜಿನುಗು ನಿಲ್ಲಬೇಕು.

ದೀಪ ಅಗ್ಗವಾದಾಗ

ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ಎಡಿಸನ್ನನ ವಿದ್ಯುದಾಗಾರ ಕೆಲಸ ಆರಂಭಿಸಿದ್ದು 1882ರಲ್ಲಿ. ಕರ್ನಾಟಕದಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಹೊರಟಾಗ ಮೊದಲು ಮುಟ್ಟಿದ್ದು ಕೋಲಾರದ ಚಿನ್ನದ ಗಣಿಗಳನ್ನು. ನೆಲದಾಳದ ಚಿನ್ನಕ್ಕಾಗಿ ತಂತಿ ಎಳೆದ ಮೂರು ವರ್ಷಗಳ ಮೇಲೆ, 1905ರಲ್ಲಿ, ಬೆಂಗಳೂರಿನ ಬೀದಿಗೆ ವಿದ್ಯುದ್ದೀಪ ಬಂದಿತು. ಮುಂದಿನ ಮೂವತ್ತು ವರ್ಷಗಳಲ್ಲಿ ವಿದ್ಯುತ್ತು ಅಗ್ಗವಾಗುತ್ತ ಹೋದಂತೆ ಅಮೆರಿಕದ ಪಟ್ಟಕಗಳ ಕಾಲ ಮುಗಿಯಿತು. ಗಾಜಿನ ಸುತ್ತ ನೀರು ಸೋರಿ ಕಬ್ಬಿಣಕ್ಕೆ ತುಕ್ಕು ಹಿಡಿದಾಗ ದುರಸ್ತಿ ಮಾಡುವುದಕ್ಕಿಂತ ಕಾಂಕ್ರೀಟು ಸುರಿದು ಮುಚ್ಚುವುದು ಸುಲಭವೆನಿಸಿತು. 1938ರಲ್ಲಿ ಟ್ಯೂಬ್‌ಲೈಟ್ ಮಾರುಕಟ್ಟೆಗೆ ಬಂದ ಮೇಲಂತೂ ಕಿಟಕಿಯಿಂದ ದೂರ, ಕಟ್ಟಡದ ಹೊಟ್ಟೆಯೊಳಗೆ ಕೂತು ಕೆಲಸ ಮಾಡುವುದು ಸಾಮಾನ್ಯವಾಯಿತು.

ಈಚಿನ ಬದಲಾವಣೆ ಎಲ್‌ಇಡಿ ದೀಪದ್ದು. ನೀಲಿ ಬೆಳಕು ಕೊಡುವ ಎಲ್‌ಇಡಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಾಮುರ ಎಂಬ ಮೂವರು ವಿಜ್ಞಾನಿಗಳಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂದಿತು. ಭಾರತ ಸರ್ಕಾರದ ಸಂಸ್ಥೆ ಸಗಟಾಗಿ ಕೊಂಡ ಎಲ್‌ಇಡಿ ಬಲ್ಬಿನ ದರ 2014ರಲ್ಲಿ ಸುಮಾರು 310 ರೂಪಾಯಿ ಇದ್ದದ್ದು 2016ರ ಹೊತ್ತಿಗೆ 38 ರೂಪಾಯಿಗೆ ಇಳಿಯಿತು. 60 ವ್ಯಾಟಿನ ಹಳೆಯ ಬಲ್ಬು ಕೊಡುತ್ತಿದ್ದ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟು ಚೋಕಿನ ಪಾಲೂ ಸೇರಿ ಸುಮಾರು 50 ವ್ಯಾಟ್ ಎಳೆಯುತ್ತದೆ. ಅದರ ಜಾಗಕ್ಕೆ ಬರುವ ಎಲ್‌ಇಡಿ ಟ್ಯೂಬು 20 ವ್ಯಾಟ್. ದಿನಕ್ಕೆ 10 ಗಂಟೆ ಉರಿಯುವ ಅಂಗಡಿಯಲ್ಲಿ ಒಂದು ಟ್ಯೂಬು ಬದಲಿಸಿದರೆ ತಿಂಗಳಿಗೆ 9 ಯೂನಿಟ್ ಉಳಿತಾಯ. ಯೂನಿಟ್ಟಿಗೆ 8 ರೂಪಾಯಿ ಎಂದು ಹಿಡಿದರೆ 72 ರೂಪಾಯಿ. ಹೊಸ ಟ್ಯೂಬಿನ ಬೆಲೆ ಕೆಲವೇ ತಿಂಗಳಲ್ಲಿ ಹುಟ್ಟುತ್ತದೆ. ಹೊಸ ವೈರಿಂಗ್ ಬೇಡ, ಗೋಡೆ ಒಡೆಯಬೇಕಿಲ್ಲ.

ಅಗ್ಗವಾಯಿತೆಂದು ತಾರಸಿಯ ತುಂಬ ದೀಪ ಜೋಡಿಸುವುದು ಜಾಣತನವಲ್ಲ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆ ಎಣ್ಣೆದೀಪದ ಕಾಲದ್ದು. ತಲೆಯ ಮೇಲೆ ತೂಗುವ ದೀಪದ ಕಾಲದಲ್ಲಿ ಕತ್ತಲೆ ಬೀಳುವುದು ಕೆಲಸ ಮಾಡುವವನ ಕೈಯ ಮೇಲೆ, ಅವನದೇ ನೆರಳಾಗಿ. ದೀಪವನ್ನು ಅರ್ಧ ದೂರಕ್ಕೆ ತಂದರೆ ಬೀಳುವ ಬೆಳಕು ನಾಲ್ಕು ಪಟ್ಟು ಹೆಚ್ಚುತ್ತದೆ. ಹೊಲಿಗೆ ಯಂತ್ರದ ಸೂಜಿಯ ಬಳಿ ಒಂದು ಪುಟ್ಟ ದೀಪ ಮಾಡುವ ಕೆಲಸವನ್ನು ತಾರಸಿಯ ನಾಲ್ಕು ಟ್ಯೂಬುಗಳು ಮಾಡಲಾರವು. ಬಲಗೈಯವರಿಗೆ ದೀಪ ಎಡಗಡೆಯಿಂದ ಬಂದರೆ ಕೈಯ ನೆರಳೂ ತೊಂದರೆ ಕೊಡುವುದಿಲ್ಲ. ಉಳಿದ ಜಾಗಕ್ಕೆ, ಗೋಡೆಯತ್ತ ಮುಖ ಮಾಡಿದ ಒಂದೆರಡು ದೀಪ ಸಾಕು. ಬಿಳಿಯ ಗೋಡೆ ಅದನ್ನು ಹಂಚಿಕೊಡುತ್ತದೆ.

ಬೆಳಕಿದ್ದರೆ ಸಾಕೇ?

ಸೂರ್ಯನಿಗೆ ಲೋಡ್ ಶೆಡ್ಡಿಂಗ್ ಇಲ್ಲ. ವಿದ್ಯುತ್ತನ್ನೇ ನಂಬಿದ ನೆಲಮಾಳಿಗೆ ಕರೆಂಟು ಹೋದ ಕ್ಷಣ, ಹಾಡುಹಗಲೇ ಆದರೂ, ಅಮಾವಾಸ್ಯೆಯ ರಾತ್ರಿ. ಆದ್ದರಿಂದ ಮೆಟ್ಟಿಲ ಬಳಿ ಬ್ಯಾಟರಿಯಿಂದ ತಾನಾಗಿ ಹೊತ್ತಿಕೊಳ್ಳುವ ಒಂದು ದೀಪ ಇರಲೇಬೇಕು. ತೇವ ಇರುವ ಜಾಗದಲ್ಲಿ ಅರ್ಥಿಂಗ್ ಸರಿಯಿರಬೇಕು, ಸೋರುವ ವಿದ್ಯುತ್ತನ್ನು ತಡೆಯುವ ಬ್ರೇಕರ್ ಇರಬೇಕು. ಖರ್ಚು ಉಳಿಸಲು ಹೋಗಿ ಇವನ್ನು ಬಿಡುವಂತಿಲ್ಲ.

ಇನ್ನೊಂದು ಮಾತೂ ಇದೆ. ಅಗ್ಗದ ದೀಪ ಗೋದಾಮನ್ನು ಕೋಣೆಯಂತೆ ಕಾಣಿಸುತ್ತದೆ, ಅದನ್ನು ಕೋಣೆಯಾಗಿ ಮಾಡುವುದಿಲ್ಲ. 2024ರ ಜುಲೈನಲ್ಲಿ ದೆಹಲಿಯ ಓಲ್ಡ್ ರಾಜಿಂದರ್ ನಗರದಲ್ಲಿ ಮಳೆನೀರು ನೆಲಮಾಳಿಗೆಯೊಂದಕ್ಕೆ ನುಗ್ಗಿ, ಅಲ್ಲಿದ್ದ ಮೂವರು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ಸಾಮಾನು ಇಡಲೆಂದು ಅನುಮತಿ ಪಡೆದ ಆ ಜಾಗ ಗ್ರಂಥಾಲಯವಾಗಿ ಬಳಕೆಯಲ್ಲಿತ್ತು. ಓದಲು ಅಲ್ಲಿ ಬೆಳಕಿತ್ತು, ಹೊರಬರಲು ದಾರಿ ಸಾಲಲಿಲ್ಲ. ಗಾಳಿ, ನೀರಿನ ಹರಿವು, ಎರಡನೆಯ ಬಾಗಿಲು ಇವುಗಳ ವಿಚಾರ ಮುಗಿದ ಮೇಲಷ್ಟೇ ಬೆಳಕಿನ ವಿಚಾರಕ್ಕೆ ಅರ್ಥ. ಹಗೇವಿಗೆ ಇಳಿಯುವ ಮುನ್ನ ಕಾಯುತ್ತಿದ್ದ ಹಳ್ಳಿಯವರಿಗೆ ಇದು ಗೊತ್ತಿತ್ತು.

ಕಟ್ಟಿಯಾದ ಕಟ್ಟಡದಲ್ಲಿ ಗವಾಕ್ಷಿ ತೊಳೆದು, ಸುಣ್ಣ ಬಳಿದು, ದೀಪ ಬದಲಿಸುವುದಷ್ಟೇ ಬಾಡಿಗೆದಾರನ ಕೈಯಲ್ಲಿರುವುದು. ಕಟ್ಟುವವನ ಕೈಯಲ್ಲಿ ಅದಕ್ಕಿಂತ ಹೆಚ್ಚಿದೆ. ನಕ್ಷೆ ಬರೆಯುವಾಗ ಗೋಡೆಯ ಪಕ್ಕ ಒಂದು ಗಜ ಜಾಗ ತೆರೆದು ಬಿಟ್ಟರೆ ಕೆಳಗಿನವರಿಗೆ ಆ ಕಟ್ಟಡ ನಿಂತಿರುವಷ್ಟು ಕಾಲ ಹಗಲು ಸಿಗುತ್ತದೆ. ನಕ್ಷೆಯಲ್ಲಿ ಉಳಿಸಿಕೊಂಡ ಆ ಒಂದು ಗಜದ ಬೆಲೆಯನ್ನು, ಇಲ್ಲವಾದರೆ, ಕೆಳಗೆ ದುಡಿಯುವವರು ಪ್ರತಿ ತಿಂಗಳ ಕರೆಂಟ್ ಬಿಲ್ಲಿನಲ್ಲಿ ಕಟ್ಟುತ್ತ ಹೋಗಬೇಕಾಗುತ್ತದೆ.